ಟ್ರ್ಯಾಕ್ಟರಿಗೆ ಅಂಕಿ ಮೀಟರು: ತಂತಿ ಜೋಡಿಸುವ ಬಗೆ

ಬಿತ್ತನೆಯ ಹೊತ್ತಿಗೆ ಎತ್ತು ಮಲಗಿದರೆ ಒಕ್ಕಲಿಗನಿಗೆ ಎಷ್ಟು ಕಷ್ಟವೋ ಟ್ರ್ಯಾಕ್ಟರು ನಿಂತರೂ ಅಷ್ಟೇ ಕಷ್ಟ. ಎತ್ತು ಮೇವು ಬಿಟ್ಟು ತನ್ನ ಜಡ್ಡನ್ನು ತಿಳಿಸುತ್ತದೆ; ಯಂತ್ರಕ್ಕೆ ಮೀಟರೇ ಬಾಯಿ.

ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ. ಅದರ ತೇವ, ಕಡಲ ಉಪ್ಪುಗಾಳಿ, ಕೆಂಪು ಧೂಳು ಇವುಗಳಿಂದ ಹಳೆಯ ಟ್ರ್ಯಾಕ್ಟರಿನ ಮುಳ್ಳಿನ ಮೀಟರುಗಳು ಬೇಗ ಕೆಡುತ್ತವೆ. ಅವುಗಳ ಬದಲಿಗೆ ಬ್ಯಾಟರಿಯ ವೋಲ್ಟು, ಎಂಜಿನ್ನಿನ ಕಾವು, ದುಡಿದ ತಾಸು ಇವನ್ನು ಅಂಕಿಗಳಲ್ಲಿ ತೋರಿಸುವ ಡಿಜಿಟಲ್ ಮೀಟರು ಈಗ ಪೇಟೆಯಲ್ಲಿ ದೊರೆಯುತ್ತದೆ. ಆದರೆ ತಂತಿ ತಪ್ಪಿದರೆ ಮೀಟರು ಸುಳ್ಳು ಹೇಳೀತು, ಬೆಂಕಿಯೂ ಹತ್ತೀತು.

ಮೊದಲು ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ಬಿಚ್ಚಬೇಕು. ಈಗಿನ ಯಂತ್ರಗಳಲ್ಲಿ ಅದು ಮೈನಸ್ ಕಡೆಯದು. ಬಹಳ ಹಳೆಯ ವಿಲಾಯತಿ ಟ್ರ್ಯಾಕ್ಟರುಗಳಲ್ಲಿ ಪ್ಲಸ್ ಕಡೆಯೇ ಚಾಸಿಗೆ ಸೇರಿರುವುದುಂಟು. ಅದನ್ನು ನೋಡಿಕೊಳ್ಳದೆ ಮೀಟರು ಜೋಡಿಸಬಾರದು.

ಮೀಟರಿನ ಪ್ಲಸ್ ತಂತಿಯನ್ನು ಚಾವಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಜಾಗದಿಂದ ತೆಗೆದುಕೊಳ್ಳಿರಿ. ಬ್ಯಾಟರಿಗೇ ಸೇರಿಸಿದರೆ ನಿಂತ ಯಂತ್ರದಲ್ಲಿಯೂ ತಾಸು ಓಡುತ್ತಿರುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ತಂತಿ ಹೊರಡುವಲ್ಲಿಯೇ ಫ್ಯೂಜು ಇರಬೇಕು, ಏಕೆಂದರೆ ಫ್ಯೂಜಿನ ಮುಂದಿನ ತಂತಿಗೆ ಮಾತ್ರ ರಕ್ಷಣೆ. ಮೀಟರಿನ ಕಾಗದದಲ್ಲಿ ಹೇಳಿದಷ್ಟೇ ಆಂಪಿಯರಿನದು ಸಾಕು. ಅದು ಸುಟ್ಟರೆ ಕಾರಣ ಹುಡುಕಬೇಕೇ ಹೊರತು ದಪ್ಪ ತಂತಿ ಸುತ್ತಬಾರದು.

ಅರ್ಥಿಂಗ್ ಜಾಗದ ಬಣ್ಣ, ತುಕ್ಕು ಕೆರೆದು ಬಿಗಿದು, ಮೇಲೆ ವ್ಯಾಸಲೀನು ಸವರಿರಿ. ಇದು ಸಡಿಲವಾದರೆ ಅಂಕಿಗಳು ಕುಣಿಯುತ್ತವೆ. ತಂತಿಯ ಕೂಡುಗಳಿಗೆ ಬೆಸುಗೆ ಹಾಕಿ, ಕಾಸಿದರೆ ಕುಗ್ಗುವ ಕೊಳವೆ ಏರಿಸಿರಿ; ಬರಿಯ ಟೇಪು ಮಳೆಗಾಲಕ್ಕೆ ತಾಳದು. ಮೀಟರಿಗೆ ಸೇರುವ ಮುಂಚೆ ತಂತಿಯನ್ನು ಕೆಳಗೆ ಬಾಗಿಸಿದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಕಾವು ಅಳೆಯಲು ಮೀಟರಿನ ಸಂಗಡ ಬಂದ ಸೆನ್ಸರನ್ನೇ ಕೂಡಿಸಬೇಕು. ಹಳೆಯ ಸೆನ್ಸರಿಗೆ ಹೊಸ ಮೀಟರು ಸೇರಿಸಿದರೆ ಎಂಜಿನ್ನು ಕುದಿಯುತ್ತಿದ್ದರೂ ತಂಪೆಂದು ತೋರಿಸೀತು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಆದ್ದರಿಂದ ಸುತ್ತಿನ ಲೆಕ್ಕಕ್ಕೆ ಆಲ್ಟರ್ನೇಟರಿನಲ್ಲಿ ‘ಡಬ್ಲ್ಯೂ’ ಎಂಬ ತುದಿ ಇದ್ದರೆ ಅದನ್ನು ಬಳಸುತ್ತಾರೆ.

ಎಲ್ಲಕ್ಕೂ ಮುಖ್ಯವಾದ ಮಾತೊಂದುಂಟು. ಹೊಸ ಮೀಟರು ಬಂತೆಂದು ಚಾರ್ಜಿನ ಕೆಂಪು ದೀಪವನ್ನು ಕಿತ್ತೊಗೆಯಬೇಡಿರಿ. ಅನೇಕ ಆಲ್ಟರ್ನೇಟರುಗಳು ಆ ದೀಪದ ಮೂಲಕ ಬರುವ ಅಲ್ಪ ವಿದ್ಯುತ್ತಿನಿಂದಲೇ ಎಚ್ಚರಗೊಂಡು ಬ್ಯಾಟರಿ ತುಂಬತೊಡಗುತ್ತವೆ. ದೀಪ ಹೋದರೆ ಚಾರ್ಜೂ ನಿಲ್ಲಬಹುದು. ಎಣ್ಣೆಯ ಒತ್ತಡದ ದೀಪವೂ ಇರಲಿ. ದುಡಿಯುವವನ ಕಣ್ಣಿಗೆ ಅಂಕಿಗಿಂತ ಕೆಂಪು ಬೆಳಕು ಬೇಗ ಬೀಳುತ್ತದೆ.

ಜೋಡಣೆ ಮುಗಿದ ಮೇಲೆ ಪರೀಕ್ಷಿಸಿರಿ. ತುಂಬಿದ 12 ವೋಲ್ಟಿನ ಬ್ಯಾಟರಿ ಎಂಜಿನ್ನು ನಿಂತಾಗ ಸುಮಾರು 12.6, ಓಡುವಾಗ 13.8ರಿಂದ 14.4 ತೋರಿಸಬೇಕು. ಓಡುವಾಗಲೂ 13 ದಾಟದಿದ್ದರೆ ಚಾರ್ಜು ಸಾಲದು; 15 ಮೀರಿದರೆ ಬ್ಯಾಟರಿ ಕುದಿಯುತ್ತದೆ. ಸಂಶಯ ಬಂದರೆ ಬ್ಯಾಟರಿಯ ತುದಿಗಳಲ್ಲಿಯೇ ಅಳೆದು ತಾಳೆ ನೋಡಿರಿ.

ತಾಸಿನ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಡಿರಿ. ಎಣ್ಣೆ ಬದಲಿಸುವ ಸಮಯ ತಪ್ಪದು. ಬಾಡಿಗೆಗೆ ಉತ್ತವರ ಹೊಲದಲ್ಲಿ ತಾಸಿನ ತಕರಾರೂ ಏಳದು.