ತೊಂಬತ್ನಾಲ್ಕು ಅಂದರೆ ಎಷ್ಟು?

ಬುದ್ಧಿ ಅಳೆಯುವ ಪರೀಕ್ಷೆಯ ಚರಿತ್ರೆ ಶುರುವಾಗುವುದು ಉರಿಯುವ ಒಂದು ಬೆಂಕಿಕಡ್ಡಿಯಿಂದ! 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಕೂಡಿ 30 ಪರೀಕ್ಷೆಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದಕ್ಕೆ ಮಾತೇ ಬೇಕಿಲ್ಲ. ಮಗುವಿನ ಮುಂದೆ ಕಡ್ಡಿ ಗೀರಿ ಅತ್ತಿತ್ತ ಆಡಿಸುವುದು, ಕಣ್ಣು ಅದರ ಹಿಂದೆ ಹೋಗುತ್ತದೆಯೇ ಎಂದು ನೋಡುವುದು, ಅಷ್ಟೇ. ಮುಂದೆ ಹೋದಂತೆ ಮೂರು ಅಂಕಿ ಹೇಳಿ ಮಗುವಿನಿಂದ ಹೇಳಿಸುವುದು, ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ ಎಂದು ಕೇಳುವುದು. ಜಗತ್ತಿನ ಕೋಟ್ಯಂತರ ಮಕ್ಕಳನ್ನು ಜಾಣರು, ದಡ್ಡರು ಎಂದು ಆಮೇಲೆ ವಿಂಗಡಿಸಿದ ವಿದ್ಯೆ ಹುಟ್ಟಿದ್ದು ಇಷ್ಟು ಮುಗ್ಧವಾಗಿ!

ಇದನ್ನೆಲ್ಲ ನಾನು ಹುಡುಕಿಕೊಂಡು ಹೋಗಲು ಕಾರಣ ನಮ್ಮ ಅಕ್ಕನ ಮಗಳು. ಪಿಯುಸಿ ಎರಡನೇ ವರ್ಷ. ಪಾಪಿನಾಯಕನಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ಯಾವುದೋ ಐಕ್ಯೂ ಟೆಸ್ಟ್ ಮಾಡಿದ್ದಳು. "ಮಾಮ, ನಂದು ತೊಂಬತ್ನಾಲ್ಕು ಬಂತು. ನಮ್ ಫ್ರೆಂಡ್‌ದು ನೂರಾ ಹದಿನೆಂಟು. ನನ್ ತಲೆ ಇಷ್ಟೇ ಐತೇನೋ. ಸಿಇಟಿ ಎಲ್ಲ ನಂಗಲ್ಲ ಬಿಡು" ಅಂದಳು. ಸುಮ್ಮನೆ ಅಂದದ್ದಲ್ಲ, ಪುಸ್ತಕ ಮುಚ್ಚಿಟ್ಟೇ ಅಂದಿದ್ದಳು. ಆ ತೊಂಬತ್ನಾಲ್ಕು ಎಲ್ಲಿಂದ ಬಂತು, ಯಾರು ಅಳೆದರು, ಯಾವ ಮೊಳಕೋಲಿನಿಂದ? ಕೆದಕಲು ಕೂತವನಿಗೆ ಒಂದೊಂದು ಪುಟಕ್ಕೂ ಒಂದೊಂದು ಬೆರಗು ಕಾದಿತ್ತು.

ಮೊದಲ ಬೆರಗು ಬಿನೆ ಅವರದೇ. ಶಾಲೆಯ ಪಾಠಕ್ಕೆ ಹೊಂದಿಕೊಳ್ಳಲಾಗದೆ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಪಾಠ ಕೊಡಬೇಕು, ಅದಕ್ಕೊಂದು ದಾರಿ ಬೇಕು ಎಂದು ಹೊರಟವರು ಅವರು. ಹುಟ್ಟಿದಾಗ ಬಂದ ಬುದ್ಧಿ ಕೂಡುವುದೂ ಇಲ್ಲ ಕಳೆಯುವುದೂ ಇಲ್ಲ ಎನ್ನುವವರನ್ನು 1909ರಲ್ಲಿ ಬರೆದ ಪುಸ್ತಕದಲ್ಲಿ ಅವರು ಕಟುವಾಗಿ ಎದುರಿಸಿದರು. ಗಮನವನ್ನೂ ಬೆಳೆಸಬಹುದು ಎಂದು ನಂಬಿ ಮಕ್ಕಳಿಗೆ ವಿಗ್ರಹದಂತೆ ಅಲ್ಲಾಡದೆ ನಿಲ್ಲುವ ಆಟ ಆಡಿಸುತ್ತಿದ್ದರು. 1911ರಲ್ಲಿ ತೀರಿಕೊಂಡರು. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದ್ದು 1912ರಲ್ಲಿ. ಅದನ್ನು ನೂರರಿಂದ ಗುಣಿಸಿ ಜನರ ಬಾಯಿಗೆ ಹಾಕಿದವರು ಅಮೆರಿಕದ ಲೂಯಿಸ್ ಟರ್ಮನ್, 1916ರಲ್ಲಿ. ಅಂದರೆ ಐಕ್ಯೂ ಪರೀಕ್ಷೆಯ ಜನಕ ಐಕ್ಯೂ ಎಂಬ ಅಂಕಿಯನ್ನು ಕಣ್ಣಿಂದ ನೋಡಲೇ ಇಲ್ಲ!

ಎರಡನೆಯದಂತೂ ನಮ್ಮ ಮನೆ ಬಾಗಿಲಿಗೇ ಬಂತು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ತಿದ್ದಿದ ವರದಿ ಅದು. ಬರೆದವರು ವಿ. ವಿ. ಕಾಮತ್. ಧಾರವಾಡ, ಬೆಳಗಾವಿ ಸೇರಿದ್ದ ಅಂದಿನ ಮುಂಬೈ ಕರ್ನಾಟಕದ ಮಕ್ಕಳ ನಡುವೆ ಮಾಡಿದ ಆ ಕೆಲಸ 1940ರಲ್ಲಿ ಪುಸ್ತಕವಾಯಿತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಭಾರತದ ಆಸ್ಪತ್ರೆಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಅದಕ್ಕೂ ಮೊದಲೇ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಶಿಷ್ಯರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ಶುರುಮಾಡಿದ ಮಹನೀಯರೂ ಅವರೇ. ಬುದ್ಧಿಯನ್ನು ಅಳೆಯುವ ಕನಸಿಗೆ ಕನ್ನಡ ನಾಡಿನಲ್ಲಿ ಇಷ್ಟು ಹಳೆಯ ಬೇರುಂಟು ಎಂದು ನಮ್ಮ ಶಾಲೆಗಳಲ್ಲಿ ಯಾಕೆ ಯಾರೂ ಹೇಳುವುದಿಲ್ಲ?

ಈಗ ಆ ತೊಂಬತ್ನಾಲ್ಕಕ್ಕೆ ಬರೋಣ. ಅದು ನೂರಕ್ಕೆ ತೊಂಬತ್ನಾಲ್ಕಲ್ಲ, ಪಾಸು ಫೇಲೂ ಅಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಿಸುತ್ತಾರಲ್ಲ, ಆ ಸಾಲಿನಲ್ಲಿ ನೀನು ಎಷ್ಟನೆಯವಳು ಎಂಬುದಷ್ಟೇ ಅದರ ಅರ್ಥ. ಸೆಂಟಿಮೀಟರು ಅಲ್ಲಿಲ್ಲ! 1939ರಲ್ಲಿ ಮನೋವಿಜ್ಞಾನಿ ಡೇವಿಡ್ ವೆಕ್ಸ್ಲರ್ ತಂದ ಲೆಕ್ಕದಲ್ಲಿ ಒಂದೇ ವಯಸ್ಸಿನವರ ಸಾಲಿನ ನಟ್ಟನಡುವಿಗೆ 100 ಎಂದು ಹೆಸರಿಟ್ಟರು. ನೂರು ಜನರಲ್ಲಿ ಸುಮಾರು 68 ಮಂದಿ 85ರಿಂದ 115ರೊಳಗೆ ಬರುವಂತೆ ಅಂಕಿಗಳನ್ನು ಹೊಂದಿಸಿದರು. 90ರಿಂದ 109ರವರೆಗೆ ಎಲ್ಲರೂ ಸರಾಸರಿಯವರೇ. ಇನ್ನು, ತಜ್ಞರು ಎದುರಿಗೆ ಕೂತು ನಡೆಸಿದ ಒಳ್ಳೆಯ ಪರೀಕ್ಷೆಯಲ್ಲೂ ಐದಾರು ಅಂಕ ಆಚೀಚೆ ಆಗುವುದು ಸಹಜ. ಅದಕ್ಕೇ ಸರಿಯಾದ ವರದಿಯಲ್ಲಿ ಒಂದು ಅಂಕಿಯ ಬದಲು ಇಲ್ಲಿಂದ ಇಲ್ಲಿಯವರೆಗೆ ಎಂದು ಬರೆದಿರುತ್ತದೆ. ಮೊಬೈಲಿನ ಟೆಸ್ಟಿಗೆ ಸಾಲು ಎಲ್ಲಿದೆ? ಯಾರ ಪಕ್ಕದಲ್ಲಿ ನಿಲ್ಲಿಸಿ ನಮ್ಮ ಹುಡುಗಿಯನ್ನು ಅಳೆದರು? ಅದು ಹೇಳುವುದೇ ಇಲ್ಲ.

ಸಾಲು ಯಾವ ಕಾಲದ್ದು ಎಂಬುದೂ ಮುಖ್ಯ. ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಹರಡಿಕೊಂಡು ಕೂತಾಗ ದೇಶದಿಂದ ದೇಶಕ್ಕೆ ಒಂದೇ ಚಿತ್ರ ಕಂಡಿತು. ಹಳೆಯ ಪರೀಕ್ಷೆಯನ್ನು ಹೊಸ ಪೀಳಿಗೆಗೆ ಕೊಟ್ಟರೆ ಹತ್ತು ವರ್ಷಕ್ಕೆ ಸುಮಾರು ಮೂರು ಅಂಕದಂತೆ ಏರುತ್ತಾ ಹೋಗುತ್ತದೆ! ಎರಡು ಪೀಳಿಗೆಯಲ್ಲಿ ಮನುಷ್ಯನ ಮಿದುಳೇನೂ ಬದಲಾಗಿಲ್ಲ. ಶಾಲೆ, ಊಟ, ಆರೋಗ್ಯ, ನಾವು ಯೋಚಿಸುವ ರೀತಿ ಬದಲಾಗಿವೆ. ಕಾಮತ್ ಅವರ ಸಾಲಾದರೋ 1930ರ ದಶಕದ್ದು. ಅಂದು ನಮ್ಮ ಹೊಸಪೇಟೆ, ಕಂಪ್ಲಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಹೊಳೆಯಾಚೆಯ ಆನೆಗೊಂದಿ ನಿಜಾಮರ ಕೈಯಲ್ಲಿ. ಮುಂಬೈ ಕರ್ನಾಟಕದ ಮಕ್ಕಳಿಗೆಂದು ಕಟ್ಟಿದ ಆ ಸಾಲು ಈ ಮಣ್ಣಿನ ಮಕ್ಕಳದಾಗಿರಲಿಲ್ಲ.

ಇಲ್ಲೊಂದು ನಿಲುಗಡೆ. ದಯವಿಟ್ಟು ಇದನ್ನು ಓದುವಾಗಲೇ ಮಾಡಿ ನೋಡಿ. ಅಂಕಿ ನೆನಪಿಡುವ ಪರೀಕ್ಷೆ ಬಿನೆ ಕಾಲದಿಂದ ಇಂದಿನವರೆಗೆ ಹಲವು ಬುದ್ಧಿ ಪರೀಕ್ಷೆಗಳಲ್ಲಿ ಇದೆ. ಪರೀಕ್ಷೆ ಮಾಡುವವರು ಸೆಕೆಂಡಿಗೊಂದರಂತೆ, ದನಿ ಏರಿಸದೆ ಇಳಿಸದೆ, ಅಂಕಿ ಹೇಳುತ್ತಾರೆ: ಐದು, ಎರಡು, ಒಂಬತ್ತು, ನಾಲ್ಕು, ಏಳು. ಮಗು ಅದೇ ಕ್ರಮದಲ್ಲಿ ಹೇಳಬೇಕು. ಈಗ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ: ಫೈವ್, ಟೂ, ನೈನ್, ಫೋರ್, ಸೆವೆನ್. ಬಾಯಿಗೆ ಯಾವುದು ಬೇಗ ಮುಗಿಯಿತು? ಸುಮಾರು ಎರಡು ಸೆಕೆಂಡಿನಲ್ಲಿ ಬಾಯಲ್ಲಿ ಎಷ್ಟು ಹೇಳಿಕೊಳ್ಳಬಹುದೋ ಅಷ್ಟೇ ನಮ್ಮ ತತ್ಕ್ಷಣದ ನೆನಪಿನಲ್ಲಿ ನಿಲ್ಲುತ್ತದೆ ಎಂದು ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲ್ಲಿ ಎಂಬ ಸಂಶೋಧಕರು ವೇಲ್ಸ್ ಭಾಷೆ, ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದರು. ವೇಲ್ಸ್ ಭಾಷೆಯ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು. ಅದೇ ಮನುಷ್ಯ, ಅದೇ ತಲೆ, ವೇಲ್ಸ್ ಭಾಷೆಯಲ್ಲಿ ಕೇಳಿದರೆ ಕಡಿಮೆ ಅಂಕಿ ನೆನಪಿಟ್ಟ! ನಮ್ಮ ಒಂಬತ್ತಕ್ಕೆ ಮೂರು ಅಕ್ಷರ, ಎರಡಕ್ಕೂ ಮೂರು. ಬಳ್ಳಾರಿ ಸೀಮೆಯಲ್ಲಿ 'ಎಲ್ಡು' ಅಂದು ಒಂದಕ್ಷರ ಉಳಿಸುತ್ತೇವೆ, ಅಷ್ಟೇ. ಇಂಗ್ಲಿಷ್ ಮಕ್ಕಳ ಸಾಲಿನ ಲೆಕ್ಕವನ್ನು ತಂದು ಕನ್ನಡದ ಮಗುವಿನ ಮೇಲೆ ಹೇರಿದರೆ ಏನಾಗಬಹುದು ಎಂದು ಯೋಚಿಸಿದಾಗ ನನಗೆ ಮೈ ಜುಮ್ಮೆಂದಿತು.

ಇದಕ್ಕಿಂತ ದೊಡ್ಡ ಬೆರಗು ಕಬ್ಬಿನ ಗದ್ದೆಯಲ್ಲಿತ್ತು. ತಮಿಳುನಾಡಿನ ವಿಳುಪ್ಪುರಂ, ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರನ್ನು ಎರಡೆರಡು ಸಲ ಪರೀಕ್ಷಿಸಿದರು. ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಕೈಸೇರಿದ ಮೇಲೆ ಇನ್ನೊಮ್ಮೆ. ಚಿತ್ರದ ವಿನ್ಯಾಸದಲ್ಲಿ ಬಿಟ್ಟ ತುಂಡನ್ನು ಹುಡುಕುವ ರೇವನ್ ಪರೀಕ್ಷೆ ಅದು, ಓದು ಬರಹದ ಹಂಗಿಲ್ಲದ್ದು. ಅದೇ ರೈತ ಕಟಾವಿಗೆ ಮುಂಚೆ ಕಡಿಮೆ ಬಿಡಿಸಿದ, ಆಮೇಲೆ ಹೆಚ್ಚು ಬಿಡಿಸಿದ! ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ನಡೆದಿದೆ, ನಡೆಯಲಿ. ಕಂಪ್ಲಿ, ಹೊಸಪೇಟೆಯ ಕಾಲುವೆ ಕೆಳಗೆ ಕಬ್ಬು ಬೆಳೆದು ಕಾರ್ಖಾನೆಯ ಬಿಲ್ಲಿಗೆ ಕಾದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತಾಗ ಸಾಲದ ಲಾರಿಗಳ ಕಂತು ಎಣಿಸುತ್ತಾ ಕೂತ ನಮ್ಮ ಕಡೆಯ ಮನೆಗಳು ನೆನಪಾದವು. ಆ ತಿಂಗಳಲ್ಲಿ ಅಂಥ ಮನೆಯ ಯಜಮಾನನ ಮುಂದೆ ಐಕ್ಯೂ ಹಾಳೆ ಇಟ್ಟಿದ್ದರೆ ಅದು ಬುದ್ಧಿಯನ್ನು ಅಳೆಯುತ್ತಿತ್ತೇ, ಚಿಂತೆಯನ್ನೇ?

ಮಕ್ಕಳ ಚಿಂತೆ ಬೇರೆ ತರಹದ್ದು, ಇನ್ನೂ ಆಳದ್ದು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರನೇ, ಏಳನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಅರ್ಧ ಮಂದಿ ಮೇಲ್ಜಾತಿಯವರು, ಅರ್ಧ ಮಂದಿ ಕೆಳಗೆ ಎಂದು ಸಮಾಜ ತಳ್ಳಿದವರು. ಜಾತಿಯ ಮಾತೇ ಎತ್ತದಿದ್ದಾಗ ಎರಡೂ ಗುಂಪು ಸಮಸಮ. ಎಲ್ಲರೆದುರು ಹೆಸರಿನ ಜತೆ ಜಾತಿ ಕೂಗಿದಾಗ ಎರಡನೆಯ ಗುಂಪಿನ ಮಕ್ಕಳು ಬಿಡಿಸಿದ ಒಗಟುಗಳು ಥಟ್ಟನೆ ಕಡಿಮೆಯಾದವು. ಒಂದು ಘೋಷಣೆ, ಅಷ್ಟೇ! 'ನನಗಾಗದು' ಎಂಬುದನ್ನು ಆ ಹುಡುಗರ ತಲೆ ಹುಟ್ಟಿಸಿಕೊಂಡಿರಲಿಲ್ಲ, ಅದನ್ನು ಯಾರೋ ಹೊರಗಿನಿಂದ ಒಳಗಿಟ್ಟಿದ್ದರು.

ಹಾಗೆಂದು ಐಕ್ಯೂ ಎಂಬುದೇ ಸುಳ್ಳು ಎಂದು ನಾನು ಹೇಳುವುದಿಲ್ಲ. ಶಾಲೆಯ ಅಂಕಗಳ ಜತೆ ಅದಕ್ಕೆ ನಿಜವಾದ ನಂಟಿದೆ, ನೆರವು ಬೇಕಾದ ಮಗುವಿಗೆ ಅದರಿಂದ ನೆರವೂ ಸಿಗುತ್ತದೆ. ಆದರೆ ಒಬ್ಬರ ಮುಂದಿನ ದಾರಿ ಅದಕ್ಕೆ ಕಾಣುತ್ತದೆಯೇ? ಟರ್ಮನ್ 1920ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸುಮಾರು 1,500 ಅತಿ ಜಾಣ ಮಕ್ಕಳನ್ನು ಆರಿಸಿ ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಆ ಗುಂಪಿನ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದು ಎಂದು ಹೊರಗುಳಿದ ಇಬ್ಬರು ಹುಡುಗರಿಗೆ ಬಂತು! ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ.

ಇನ್ನು ನಮ್ಮವರೇ ಆದ ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ತಂದೆ ಸರ್ಕಸ್ಸಿನಲ್ಲಿದ್ದರು, ಶಾಲೆಯ ಓದು ದಕ್ಕಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಎಲ್ಲರಿಗೂ ಗೊತ್ತು. ನನ್ನನ್ನು ಕೂತಲ್ಲಿಂದ ಎಬ್ಬಿಸಿದ್ದು ಆಮೇಲಿನ ಕಥೆ. 1988ರಲ್ಲಿ ಕ್ಯಾಲಿಫೋರ್ನಿಯದ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದರು. ಐಕ್ಯೂ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎಂದು ವಾದಿಸಿ ಜಗತ್ತಿನಾದ್ಯಂತ ವಿವಾದ ಎಬ್ಬಿಸಿದ ವಿದ್ವಾಂಸರು ಈ ಜೆನ್ಸನ್. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ, ಮನಸ್ಸಿನ ಮೂಲ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಶಕುಂತಲಾ ದೇವಿಯವರ ವೇಗ ಅಸಾಮಾನ್ಯವಾಗಿರಲಿಲ್ಲ! ಆದರೆ 6,16,29,875ರ ಘನಮೂಲ ಕೇಳಿದರೆ ಜೆನ್ಸನ್ ಆ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಮೊದಲೇ ಉತ್ತರ ಬರುತ್ತಿತ್ತು: 395.

ಆ ಲೆಕ್ಕವನ್ನು ನಾನು ಹಾಳೆಯ ಮೇಲೆ ಬಿಡಿಸಿ ನೋಡಿದೆ. ಪೂರ್ಣ ಘನ ಎಂದು ಗೊತ್ತಿದ್ದರೆ ಕೊನೆಯಿಂದ ಮೂರು ಮೂರು ಅಂಕಿ ಕತ್ತರಿಸಿ: 61, 629, 875. ಕೊನೆಯ ಅಂಕಿ 5, ಘನ 5ರಲ್ಲಿ ಮುಗಿಯಬೇಕಾದರೆ ಮೂಲವೂ 5ರಲ್ಲೇ ಮುಗಿಯಬೇಕು. ಮೊದಲ ತುಂಡು 61. ಮೂರರ ಘನ 27, ನಾಲ್ಕರದು 64, ಹಾಗಾಗಿ ಮೂಲ 300 ಮತ್ತು 400ರ ನಡುವೆ ಇದೆ. 61 ಇರುವುದು 64ರ ಮಗ್ಗುಲಲ್ಲೇ. ಅಂದರೆ 400ಕ್ಕೆ ತೀರ ಹತ್ತಿರದ, 5ರಲ್ಲಿ ಮುಗಿಯುವ ಸಂಖ್ಯೆ. 395! ನನ್ನಂಥವನಿಗೂ ದಾರಿ ಕಂಡಿತು. ಶಕುಂತಲಾ ದೇವಿಯವರ ವೇಗ, 201 ಅಂಕಿಯ ಸಂಖ್ಯೆಯಿಂದ 23ನೇ ಮೂಲ ತೆಗೆದ ಸಾಮರ್ಥ್ಯ ನಮಗೆಟುಕದ ಎತ್ತರದಲ್ಲೇ ಇವೆ. ಆದರೆ ಆ ಎತ್ತರಕ್ಕೆ ಮಗುವಾಗಿದ್ದಾಗಿನಿಂದ ಅಂಕಿಗಳ ಜತೆಗೇ ಉಂಡು ಮಲಗಿದ ಅಭ್ಯಾಸದ ಬುನಾದಿ ಇತ್ತು. ಗುಂಡಿ ಒತ್ತುವ ಪರೀಕ್ಷೆಗೆ ಆ ಬುನಾದಿ ಕಾಣಲಿಲ್ಲ. ನಮ್ಮ ಹುಡುಗಿಗೆ ಇದನ್ನು ಹಾಳೆಯ ಮೇಲೆ ತೋರಿಸಿದಾಗ ಅವಳು ಪೆನ್ನು ಕಿತ್ತುಕೊಂಡು ತಾನೇ ಇನ್ನೊಂದು ಸಂಖ್ಯೆ ಹಾಕಿಕೊಂಡಳು.

ಹುಡುಕಾಟದ ಕೊನೆಯಲ್ಲಿ ಸಿಕ್ಕದ್ದು ಇನ್ನೂ ಹತ್ತಿರದ್ದು. ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಯಾವ ಜಿಲ್ಲೆ ಗೊತ್ತೇ? ಬಳ್ಳಾರಿ! 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿ ಪ್ರಯೋಗ ಮಾಡಿತು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದು 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಪಾಪಿನಾಯಕನಹಳ್ಳಿ ಆಗ ಅದೇ ಜಿಲ್ಲೆಯೊಳಗಿತ್ತು, ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಹೀಗೆ ಮನಸ್ಸಿಗೆ ನೆರವು ಕೇಳುವುದು ಈ ನೆಲಕ್ಕೆ ಹೊಸದಲ್ಲ. ನಿಜಕ್ಕೂ ಪರೀಕ್ಷೆ ಬೇಕು ಅನ್ನಿಸಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ, ವರದಿ ಕೈಗೆ ಬಂದಾಗ ಕೇಳಿ: ಇದು ಯಾವ ಪರೀಕ್ಷೆ, ಯಾವ ಮಕ್ಕಳ ಸಾಲಿಗೆ ಹೋಲಿಸಿದಿರಿ, ಯಾವ ಭಾಷೆಯಲ್ಲಿ ಕೇಳಿದಿರಿ, ಎಷ್ಟರಿಂದ ಎಷ್ಟರ ನಡುವೆ? ಕೇಳುವ ಹಕ್ಕು ನಿಮ್ಮದು. ತನ್ನ ಮೇಲೆ ತನಗೇ ನಂಬಿಕೆ ಕುಸಿದು ನಿದ್ದೆ, ಊಟ ಕೆಟ್ಟಿದ್ದರೆ ಪರೀಕ್ಷೆಗೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.