ಒಂದೇ ಕೋಡ್, ಎರಡೂ ಫೋನಿಗೆ

ಪ್ರಶ್ನೆ: ಆಂಡ್ರಾಯ್ಡ್‌ಗೆ ಜಾವಾದಲ್ಲಿ ಆ್ಯಪ್ ಬರೆಯುತ್ತೇನೆ. ಐಫೋನ್‌ಗೂ ಬೇಕೆಂದರೆ ಫ್ಲಟರ್ ಕಲಿಯಿರಿ ಅನ್ನುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಉತ್ತರ: ಫ್ಲಟರ್ ಗೂಗಲ್‌ನ ಫ್ರೇಮ್‌ವರ್ಕ್, 1.0 ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಬರೆಯುವ ಭಾಷೆ ಡಾರ್ಟ್. ಜಾವಾ ಬಲ್ಲ ನಿಮಗೆ ಅದೇನೂ ಕಬ್ಬಿಣದ ಕಡಲೆಯಲ್ಲ. ಬಟನ್, ಮೆನುಗಳನ್ನು ಫ್ಲಟರ್ ಫೋನಿನಿಂದ ಎರವಲು ಪಡೆಯುವುದಿಲ್ಲ. ಪರದೆಯ ಮೇಲೆ ತಾನೇ ಚಿತ್ರಿಸುತ್ತದೆ. ಹಾಗಾಗಿ ಒಂದೇ ಕೋಡ್ ಬರೆದರೂ ಎರಡೂ ಕಡೆ ಆ್ಯಪ್ ಒಂದೇ ಥರ ಕಾಣುತ್ತದೆ. ಇದರ ಹಾಟ್ ರೀಲೋಡ್ ಎಂಬ ಸೌಲಭ್ಯವಂತೂ ಒಮ್ಮೆ ರೂಢಿಯಾದರೆ ಬಿಡಲಾಗದು: ಬಟನ್ನಿನ ಬಣ್ಣ ಬದಲಿಸಿ ಸೇವ್ ಮಾಡಿ, ಅರ್ಧ ತುಂಬಿದ ಫಾರ್ಮ್ ಹಾಗೇ ಇರುತ್ತದೆ, ಬಣ್ಣವಷ್ಟೇ ಕ್ಷಣದಲ್ಲಿ ಬದಲಾಗುತ್ತದೆ. ಆ್ಯಪ್‌ನ ಗಾತ್ರ ತುಸು ಹಿಗ್ಗುತ್ತದೆ, ನಿಜ. ಕಲಿಕೆಯನ್ನು ಆಂಡ್ರಾಯ್ಡ್‌ನಲ್ಲೇ ಶುರುಮಾಡಿ. ಐಫೋನ್ ಆವೃತ್ತಿ ಸಿದ್ಧಪಡಿಸುವಾಗ ಮಾತ್ರ ಮ್ಯಾಕ್ ಕಂಪ್ಯೂಟರ್ ಬೇಕೇ ಬೇಕು.