ಲಗ್ನಪತ್ರಿಕೆಯ ಇಂಗ್ಲಿಷ್

ಪ್ರಶ್ನೆ: ಸುಲ್ತಾನ್‌ಪೇಟೆಯಲ್ಲಿ ಮಗಳ ಮದುವೆಯ ಕಾರ್ಡ್ ಮಾಡಿಸುತ್ತಿದ್ದೇವೆ. ‘ಮ್ಯಾರೇಜ್’ ಸರಿಯೋ, ‘ವೆಡ್ಡಿಂಗ್’ ಸರಿಯೋ?

ಉತ್ತರ: ಪತ್ರಿಕೆಯಲ್ಲಿ ಎರಡೂ ಸರಿ. ವೆಡ್ಡಿಂಗ್ ಎಂದರೆ ಸಮಾರಂಭ: ಧಾರೆ, ಓಲಗ, ಊಟ. ಮ್ಯಾರೇಜ್ ಎಂದರೆ ಮುಖ್ಯವಾಗಿ ದಾಂಪತ್ಯ. ಮುಹೂರ್ತ ಮುಗಿದರೆ ವೆಡ್ಡಿಂಗ್ ಮುಗಿಯಿತು, ಮ್ಯಾರೇಜ್ ಆಗತಾನೇ ಶುರು. ಹಾಗಾಗಿ ಮಾತಿನಲ್ಲಿ ‘ನಿನ್ನೆ ಒಂದು ವೆಡ್ಡಿಂಗ್‌ಗೆ ಹೋಗಿದ್ದೆ’ ಎನ್ನುವುದೇ ಚೆಂದ. ಆದರೆ ‘ಮ್ಯಾರೇಜ್ ಆಫ್ ದೇರ್ ಡಾಟರ್’ ಎಂದು ಅಚ್ಚು ಹಾಕಿಸುವುದು ಇಂಗ್ಲೆಂಡಿನಲ್ಲೂ ಹಳೆಯ ಸಂಪ್ರದಾಯ. ಅದನ್ನು ತಪ್ಪೆಂದು ತಿದ್ದುವವರ ಮಾತಿಗೆ ಕಿವಿಗೊಡಬೇಡಿ.

ನಿಜವಾಗಿ ನೋಡಬೇಕಾದದ್ದು ಪಕ್ಕದ ಪುಟ್ಟ ಪದವನ್ನು. ಅನೇಕ ಕಾರ್ಡುಗಳಲ್ಲಿ ‘ಇನ್‌ವೈಟ್ ಯು ಫಾರ್ ದ ವೆಡ್ಡಿಂಗ್’ ಎಂದಿರುತ್ತದೆ. ನಮ್ಮ ‘ಮದುವೆಗೆ’ ಎಂಬುದರ ‘ಗೆ’ ಒಂದೇ ಪ್ರತ್ಯಯ. ‘ಟು’, ‘ಫಾರ್’ ಎರಡರ ಕೆಲಸವನ್ನೂ ಅದೇ ಮಾಡುತ್ತದೆ. ಗೊಂದಲ ಹುಟ್ಟುವುದು ಅಲ್ಲೇ. ಊಟಕ್ಕೆ, ಕಾಫಿಗೆ ಕರೆದರೆ ‘ಫಾರ್’ ಸಲ್ಲುತ್ತದೆ. ಮದುವೆಗೆ, ಗೃಹಪ್ರವೇಶಕ್ಕೆ ‘ಟು’. ಇನ್ನು ‘ಇನ್‌ವೈಟ್’ ಎಂಬುದು ಕರೆಯುವ ಕ್ರಿಯೆ. ಕೈಗೆ ಕೊಡುವ ಕಾರ್ಡಿಗೆ ‘ಇನ್ವಿಟೇಶನ್’ ಎನ್ನುವುದೇ ಗೌರವ.

ಕರಡಚ್ಚು ಕೈಗೆ ಬಂದಾಗ ಹೆಸರು, ಮುಹೂರ್ತಗಳ ಜೊತೆಗೆ ಈ ‘ಟು’ವನ್ನೂ ಒಮ್ಮೆ ನೋಡಿಕೊಳ್ಳಿ.